ಒಗೆದಾಗ ಕುಗ್ಗಿದ ಬಟ್ಟೆಗಳು

"ಇವತ್ತಿನಿಂದ ಈ ಬೀದೀಲಿ ಒಂದು ಅಂಗಡೀನೂ ನೊಣ ಹೊಡೀತಾ ಕೂರೋ ಹಾಗಿಲ್ಲ. ಎಲ್ಲರನ್ನೂ ನಾನು ಫೇಮಸ್ ಮಾಡ್ತೀನಿ" ಎಂದು ಟೇಲರಮ್ಮನ ಯಜಮಾನರು ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದರು.

ನಿವೃತ್ತರಾಗಿ ಮನೆಯಲ್ಲಿ ಕೂತವರ ಕೈಗೆ ಹೊಸ ಮೊಬೈಲು ಬಂದರೆ ಸುತ್ತಲಿನವರು ಸ್ವಲ್ಪ ಹುಷಾರಾಗಿರಬೇಕು. ಚಿಕ್ಕ ಅಂಗಡಿಗಳ ಉದ್ಧಾರಕ್ಕೆಂದು ಯಜಮಾನರು ಜಾಲತಾಣದಲ್ಲಿ ಆಗಲೇ ಒಂದು ಪುಟ ತೆರೆದು, ಬೇಕೆಂದವರನ್ನೂ ಬೇಡವೆಂದವರನ್ನೂ ಅದಕ್ಕೆ ಸೇರಿಸಿಯಾಗಿತ್ತು. ಇನ್ನು ಉದ್ಧಾರವೊಂದೇ ಬಾಕಿ.

"ಮೊದಲು ಯಾರದು?" ಟೇಲರಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು.

"ನಿಂದೇ. ಮನೆಯಿಂದ್ಲೇ ಶುರುವಾಗ್ಲಿ."

"ನಂದು ಬೇಡ ರೀ. ನನ್ನ ಗಿರಾಕಿಗಳು ತಾವಾಗೇ ಬರ್ತಾರೆ."

"ಬರ್ತಾರೆ, ಹಿಂಬಾಗಿಲಿಂದ ಬರ್ತಾರೆ. ಇಷ್ಟು ವರ್ಷ ದುಡಿದಿದೀಯ, ಬೀದೀಲಿ ಒಬ್ರಾದ್ರೂ ನಿನ್ನ ಹೊಗಳಿದ್ದುಂಟಾ? ಪ್ರಚಾರ ಸಾಲ್ದು ಕಣೇ."

ಟೇಲರಮ್ಮ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಬಿಗಿಯಾದ ಬಟ್ಟೆಗಳ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನು ಹೊರತೆಗೆದು, ಅಗಲ ಮಾಡಿ ಕೊಡುತ್ತಿದ್ದರು. ಆದರೆ 'ಅಗಲ' ಎಂಬ ಮಾತು ಆ ಮನೆಯಲ್ಲಿ ಎಂದೂ ಕೇಳಿಬರುತ್ತಿರಲಿಲ್ಲ. ಗಿರಾಕಿ ಹಿತ್ತಲ ಕಡೆಯಿಂದ ಬಂದು ಚೀಲ ಚಾಚಿ, "ಒಗೆದಾಗ ಕುಗ್ಗಿಬಿಟ್ಟಿದೆ, ಸ್ವಲ್ಪ ನೋಡಿ" ಎನ್ನುವುದು. ಟೇಲರಮ್ಮ, "ಈಗಿನ ಬಟ್ಟೆಗಳೇ ಹಾಗೆ ಬಿಡಿ" ಎನ್ನುವುದು. ಇಷ್ಟೇ ಮಾತುಕತೆ. ಈ ಒಂದು ಮಾತಿನ ಮೇಲೆ ಅಂಗಡಿ ನಡೆಯುತ್ತಿತ್ತು, ಅಂಗಡಿಯ ಮೇಲೆ ಮನೆ.

ಟೇಲರಮ್ಮ ಜಿಪ್ಪು, ಗುಂಡಿ ತರಲು ಹೊರಗೆ ಹೋದದ್ದೇ ತಡ, ಯಜಮಾನರು ಸಿದ್ಧವಾಗಿದ್ದ ಬಟ್ಟೆಗಳನ್ನೆಲ್ಲ ಸಾಲಾಗಿ ತೂಗುಹಾಕಿದರು. ಟೇಪು ಹಿಡಿದರು. ಗಂಟಲು ಸರಿಮಾಡಿಕೊಂಡರು.

"ನೋಡಿ ವೀಕ್ಷಕರೇ, ಈ ಕೆಂಪು ಟ್ರ್ಯಾಕ್ ಪ್ಯಾಂಟು! ಇಲ್ಲಿತ್ತು ಸೊಂಟ, ಈಗ ಇಲ್ಲಿಗೆ ಬಂದಿದೆ. ಪೂರಾ ಮೂರು ಬೆರಳು! ಈ ಬಿಳಿ ಕೋಟು ನೋಡಿ, ಗುಂಡಿ ಹಾಕಿದ್ರೆ ಉಸಿರು ಕಟ್ತಿತ್ತು. ಈಗ ಒಳಗೆ ಇನ್ನೊಬ್ಬರು ಕೂರಬಹುದು. ಒಗೆದಾಗ ಕುಗ್ಗಿತು ಅಂತ ನೀವೂ ಸುಳ್ಳು ಹೇಳ್ತಿದೀರಾ? ನಾಚಿಕೆ ಬಿಡಿ, ನಮ್ಮಲ್ಲಿಗೆ ಬನ್ನಿ!"

ಹೆಸರು ಹೇಳಲಿಲ್ಲವಲ್ಲ ಎಂದು ಯಜಮಾನರಿಗೆ ತಮ್ಮ ಸೂಕ್ಷ್ಮದ ಬಗ್ಗೆ ಹೆಮ್ಮೆಯೂ ಆಯಿತು. ಹೆಸರೇನೂ ಬೇಕಿರಲಿಲ್ಲ. ಹಳದಿ ಪಟ್ಟಿಯ ಆ ಕೆಂಪು ಪ್ಯಾಂಟಿನಲ್ಲಿ ದಿನಾ ಬೆಳಗ್ಗೆ ಬೀದಿಯುದ್ದಕ್ಕೂ ಓಡುವವರು ಒಬ್ಬರೇ, ಹೊಟ್ಟೆ ಕರಗಿಸುವುದನ್ನು ಕಲಿಸುವ ವ್ಯಾಯಾಮದ ಮೇಷ್ಟ್ರು. ಬಿಳಿ ಕೋಟಿನ ಜೇಬಿನ ಮೇಲೆ ಮೂಲೆಯ ಕ್ಲಿನಿಕ್ಕಿನ ಗುರುತಿತ್ತು. ಬಂದವರಿಗೆಲ್ಲ "ತೂಕ ಇಳಿಸಿ" ಎಂದು ಬರೆದುಕೊಡುವ ಡಾಕ್ಟರಮ್ಮನ ಕೋಟು ಅದು.

ವಿಡಿಯೋ ಊರೆಲ್ಲ ಓಡಾಡಿತು. ಟೇಲರಮ್ಮ ಗುಂಡಿ ಕೊಂಡು ಹಿಂದಿರುಗುವಷ್ಟರಲ್ಲಿ ಗಿರಾಕಿಗಳು ಜೀವಮಾನದಲ್ಲಿ ಮೊದಲ ಸಲ ಮುಂಬಾಗಿಲಿಗೆ ಬಂದಿದ್ದರು.

"ನನ್ನ ಪ್ಯಾಂಟು ಕೊಡಿ. ಇನ್ನು ಈ ಕಡೆ ತಲೆ ಹಾಕಲ್ಲ" ಎಂದರು ಮೇಷ್ಟ್ರು. "ಕಲಿಯೋಕೆ ಬರೋರು ಮುಖ ನೋಡಿ ನಗ್ತಿದಾರೆ."

"ನಿಮ್ಮನ್ನ ನಂಬಿದ್ದೆ, ಟೇಲರಮ್ಮ" ಎಂದರು ಡಾಕ್ಟರಮ್ಮ. ಬೈದಿದ್ದರೆ ಟೇಲರಮ್ಮನಿಗೆ ಇಷ್ಟು ನೋಯುತ್ತಿರಲಿಲ್ಲ. ತೂಗುಹಾಕಿದ್ದ ಬಟ್ಟೆಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಆಕೆಯ ಕಣ್ಣು ತುಂಬಿ ಬಂತು.

ಯಜಮಾನರು ಎದೆಗುಂದಲಿಲ್ಲ. ವಿಡಿಯೋದಿಂದ ಕೆಟ್ಟದ್ದನ್ನು ವಿಡಿಯೋದಿಂದಲೇ ಸರಿಮಾಡಬಹುದೆಂದು, ಮೊಬೈಲನ್ನು ಬಾಗಿಲ ಪಕ್ಕದ ಕಪಾಟಿನ ಮೇಲೆ ಒರಗಿಸಿ, ಗಿರಾಕಿಗಳ ನಡುವೆ ಹೋಗಿ ನಿಂತರು.

"ಎಲ್ಲರದೂ ತೋರಿಸಿದ್ರಿ. ನಿಮ್ಮದು ಒಂದೂ ಇರ್ಲಿಲ್ವಲ್ಲ ಸರ್?" ಮೇಷ್ಟ್ರು ಕೆಣಕಿದರು.

"ನಂದು ಎಲ್ಲಿಂದ ಬರ್ಬೇಕು? ನಾನು ಈಗ್ಲೂ ಮದುವೆ ಟೈಮಿನ ಪ್ಯಾಂಟೇ ಹಾಕೋದು. ಕೂದಲೆಳೆಯಷ್ಟೂ ಬದಲಾಗಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

ಎಲ್ಲರೂ ಟೇಲರಮ್ಮನ ಕಡೆ ತಿರುಗಿದರು. ನಿಜದ ಒಂದು ಮಾತು ಸಾಕಿತ್ತು. ಗಿರಾಕಿಗಳ ಹೊಟ್ಟೆ ತಣ್ಣಗಾಗುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು. ಟೇಲರಮ್ಮ ಕಣ್ಣೊರೆಸಿಕೊಂಡು, "ಹೌದು, ಅವರದು ಅದೇ ಅಳತೆ" ಎಂದರು.

"ಕೇಳಿದ್ರಾ?" ಎಂದು ಯಜಮಾನರು ಗೆದ್ದ ಕುದುರೆಯ ಹಾಗೆ ಒಂದು ಸುತ್ತು ತಿರುಗಿದರು.

ಅಗಲ ಮಾಡಿದ ಹಳೆಯ ಪ್ಯಾಂಟಿಗೆ ಒಂದು ಗುರುತಿರುತ್ತದೆ. ಬಿಸಿಲು ಕಾಣದೆ ಒಳಗೆ ಅಡಗಿದ್ದ ಬಟ್ಟೆ ಹೊರಬಂದು, ಹಿಂಭಾಗದಲ್ಲಿ ಸೊಂಟದಿಂದ ಕೆಳಕ್ಕೆ ಕಡು ಬಣ್ಣದ ಪಟ್ಟಿಯಾಗಿ ನಿಲ್ಲುತ್ತದೆ. ತೊಟ್ಟವರಿಗೆ ಕಾಣುವುದಿಲ್ಲ. ಆದರೆ ಅಲ್ಲಿ ನೆರೆದವರೆಲ್ಲರ ಮನೆಯಲ್ಲೂ ಅಂಥ ಪಟ್ಟಿಯಿದ್ದ ಬಟ್ಟೆಗಳಿದ್ದವು. ಯಜಮಾನರ ಬೆನ್ನ ಹಿಂದಿನ ಪಟ್ಟಿ ಅಂಗೈಯಗಲವಿತ್ತು.

ಮೇಷ್ಟ್ರು ಡಾಕ್ಟರಮ್ಮನನ್ನು ನೋಡಿದರು. ಡಾಕ್ಟರಮ್ಮ ಟೇಲರಮ್ಮನನ್ನು ನೋಡಿದರು. ಅಂಗಡಿ ಕೈಬಿಟ್ಟುಹೋಗುವಾಗಲೂ ಬಾಯಿಬಿಡದ ಹೆಂಗಸು.

ಡಾಕ್ಟರಮ್ಮ ಕೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ತೋಳು ಕೂಡ ಒಗೆದಾಗ ಕುಗ್ಗಿದೆ, ಸ್ವಲ್ಪ ನೋಡಿ."

"ಈಗಿನ ಬಟ್ಟೆಗಳೇ ಹಾಗೆ ಬಿಡಿ" ಎಂದರು ಟೇಲರಮ್ಮ. ಮೇಷ್ಟ್ರ ಪ್ಯಾಂಟೂ, ಇನ್ನೊಂಚೂರು ಕುಗ್ಗಿದೆಯೆಂದು, ಮೇಜಿಗೆ ಮರಳಿತು. ಹೋಗುವಾಗ ಎಲ್ಲರೂ ಹಿಂಬಾಗಿಲಿಂದ ಹೋದರು.

"ನೋಡಿದ್ಯಾ, ನಾನು ಎರಡು ಮಾತಾಡಿದ್ದಕ್ಕೆ ಹೇಗೆ ದಾರಿಗೆ ಬಂದ್ರು!" ಎನ್ನುತ್ತ ಯಜಮಾನರು ಮೊಬೈಲು ತೆಗೆದು, ಊರಿಗೆ ಕಳಿಸುವ ಮುನ್ನ ತಮ್ಮ ವಿಜಯವನ್ನು ತಾವೇ ಒಮ್ಮೆ ನೋಡಲು ಕೂತರು. ಸುತ್ತು ತಿರುಗಿದ ಜಾಗ ಬಂದಾಗ ನಿಲ್ಲಿಸಿದರು. ಹಿಂದಕ್ಕೆ ಸರಿಸಿ ಮತ್ತೆ ನೋಡಿದರು. ಆಮೇಲೆ ಕೈಯನ್ನು ಮೆತ್ತಗೆ ಬೆನ್ನ ಹಿಂದಕ್ಕೆ ಒಯ್ದು ಸೊಂಟದ ಹೊಲಿಗೆಯನ್ನು ತಡವಿದರು.

"ಇದು... ಯಾವಾಗ ಮಾಡಿದೆ?"

"ಪ್ರತಿ ವರ್ಷ."

"ನಂಗೆ ಒಂದು ಮಾತಾದ್ರೂ ಹೇಳಬಾರ್ದಿತ್ತೇನೇ?"

ಟೇಲರಮ್ಮ ಮೇಷ್ಟ್ರ ಪ್ಯಾಂಟನ್ನು ಮಡಚಿ ಬದಿಗಿಟ್ಟರು.

"ಗಿರಾಕಿಯ ಗುಟ್ಟು ನಾನು ಯಾರಿಗೂ ಹೇಳಲ್ಲ ರೀ. ಗಿರಾಕಿಗೂ ಹೇಳಲ್ಲ."