ಕಪ್ಪು ಬಿಳುಪಿಗೊಂದು, ಬಣ್ಣಕ್ಕೊಂದು

ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೊ ತೆಗೆಯುವ ನನಗೆ ಸಿನಿಮಾದ ಬಗ್ಗೆ ಭಾಷಣ ಬಿಗಿಯುವ ಚಟ. ಪ್ರತಿಸಲವೂ ಮರ್ಯಾದೆ ಕಳೆದುಕೊಂಡೇ ಮನೆಗೆ ಬರುತ್ತೇನೆ. ಬುದ್ಧಿ ಮಾತ್ರ ಬಂದಿಲ್ಲ.

೧. ನೆರಳಿನ ಸೊಗಸು

ನಮ್ಮ ಸಿನಿಮಾ ಬಳಗದಲ್ಲಿ ಒಂದು ಭಾನುವಾರ ಉಪನ್ಯಾಸ ಕೊಟ್ಟೆ. ಹಿಂದೆ ರಾಷ್ಟ್ರಪ್ರಶಸ್ತಿಯಲ್ಲಿ ಛಾಯಾಗ್ರಹಣಕ್ಕೆ ಎರಡು ಬಹುಮಾನ ಇದ್ದವು, ಕಪ್ಪು ಬಿಳುಪಿಗೊಂದು, ಬಣ್ಣಕ್ಕೊಂದು. ಕಪ್ಪು ಬಿಳುಪು ಚಿತ್ರಗಳು ಕಮ್ಮಿಯಾದ ಮೇಲೆ ಒಂದೇ ಉಳಿಯಿತು ಎಂದು ವಿವರಿಸಿ, ಹಳೇ ಚಿತ್ರದ ತುಣುಕೊಂದನ್ನು ಹಾಕಿದೆ. "ಈ ನೆರಳು ನೋಡಿ! ಬಣ್ಣದಲ್ಲಿ ಇದು ಸಾಧ್ಯವೇ?" ಎಂದು ಹತ್ತು ನಿಮಿಷ ಹೊಗಳಿದೆ.

ಹಿಂದಿನ ಸಾಲಿನಲ್ಲಿ ಹಿರಿಯರೊಬ್ಬರು ಎದ್ದು ನಿಂತರು. "ಸಾರ್, ಅದು ಕಲರ್ ಪಿಕ್ಚರ್ರು. ನಿಮ್ ಪ್ರೊಜೆಕ್ಟರ್ ವೈರು ಸರಿಯಾಗಿ ಕೂತಿಲ್ಲ."

ವೈರು ಒತ್ತಿದೆ. ನಾಯಕಿಯ ಸೀರೆ ಕೆಂಪಾಯಿತು, ನನ್ನ ಮುಖವೂ.

೨. ಬೆಳಕಿನ ಮಾಂತ್ರಿಕ

ಕ್ಷಮೆ ಕೇಳಲು ಭದ್ರಾವತಿಯ ಜನ್ನಾಪುರಕ್ಕೆ, ಆ ಹಿರಿಯರ ಮನೆಗೇ ಹೋದೆ. ಅವರು ಮದ್ರಾಸಿನಲ್ಲಿ ಒಬ್ಬ ಛಾಯಾಗ್ರಾಹಕರನ್ನು ಗುರುವಾಗಿ ನಂಬಿ, ಅವರಿಗೆ ಕ್ಯಾಮೆರಾ ಸಹಾಯಕರಾಗಿ ದುಡಿದವರಂತೆ. ಕಪ್ಪು ಬಿಳುಪಿನ ಬಹುಮಾನ ಒಂದಲ್ಲ ಒಂದು ದಿನ ಬರುತ್ತದೆಂದು ಗುರು ಶಿಷ್ಯರಿಬ್ಬರೂ ಕಾದಿದ್ದರು. ಅಷ್ಟರಲ್ಲಿ ಆ ವಿಭಾಗವೇ ನಿಂತಿತು. "ನಮ್ ಕ್ಲಾಸೇ ಮುಚ್ಚಿಬಿಟ್ರು ಮಾರಾಯ, ಪರೀಕ್ಷೆ ಎಲ್ಲಿ ಬರಿಯೋದು?" ಎಂದು ನಕ್ಕರು. ಈವರೆಗೆ ಯಾರೂ ಅವರಿಗೆ ಒಂದು ಶಾಲು ಸಹ ಹೊದಿಸಿರಲಿಲ್ಲ. ನನಗೆ ಸಂಕಟವಾಯಿತು.

"ನಾವೇ ಸನ್ಮಾನ ಮಾಡ್ತೀವಿ. ಇವರು ಬೆಳಕಿನ ಮಾಂತ್ರಿಕರು ಕಣಮ್ಮ" ಎಂದು ಅಡುಗೆಮನೆಯತ್ತ ಕೂಗಿ ಹೇಳಿದೆ.

ಅವರ ಹೆಂಡತಿ ಒಳಗಿನಿಂದಲೇ ಹೇಳಿದರು, "ಅಡುಗೆಮನೆ ಬಲ್ಬು ಹೋಗಿ ಮೂರು ವಾರ ಆಯ್ತು. ಇಬ್ರಲ್ಲಿ ಯಾರಾದ್ರೂ ಮಾಂತ್ರಿಕರು ಸ್ಟೂಲ್ ಹತ್ತಿ."

೩. ಹಾರ ಹಾಕಿದ ಫೋಟೊ

ಸನ್ಮಾನ ಚೆನ್ನಾಗಿಯೇ ಆಯಿತು. ಹಾರ ಹಾಕಿಸಿಕೊಂಡು ಅವರು ಕಣ್ಣೊರೆಸಿಕೊಂಡರು. "ಒಳ್ಳೇ ಫೋಟೊ ಹಾಕಪ್ಪ, ನೆಂಟರೆಲ್ಲ ನೋಡ್ಲಿ" ಎಂದರು ಅವರ ಹೆಂಡತಿ.

ನೆಟ್ಟಗೆ ಒಂದು ಫೋಟೊ ಹಾಕಿದ್ದರೆ ಸಾಕಿತ್ತು. ಗೌರವ ಜಾಸ್ತಿಯಾಗಿ ಅದನ್ನು ಕಪ್ಪು ಬಿಳುಪು ಮಾಡಿದೆ. ಮುಖ ಮತ್ತು ಹಾರ ಮಾತ್ರ ಉಳಿಸಿ, ಕೆಳಗೆ "ಒಂದು ಯುಗದ ಬೆಳಕು" ಎಂದು ಬರೆದು, ಮರುದಿನ ಬೆಳಿಗ್ಗೆ ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಸಾಲುಸಾಲಾಗಿ "ಓಂ ಶಾಂತಿ". ಅಳಿಸುವಷ್ಟರಲ್ಲಿ ಫೋಟೊ ಭದ್ರಾವತಿ ಮುಟ್ಟಿಯಾಗಿತ್ತು. ಬೈಕ್ ಹತ್ತಿ ಓಡಿದೆ.

ಜನ್ನಾಪುರದ ಮನೆಯ ಮುಂದೆ ಆಗಲೇ ಕುರ್ಚಿ ಹಾಕಿದ್ದರು. ಜನ ಹಾರ ಹಿಡಿದು ನಿಂತಿದ್ದರು. ಗೇಟಿನಲ್ಲಿ ಅವರೇ ನಿಂತು, "ಇನ್ನೂ ಹೋಗಿಲ್ಲ, ಬನ್ನಿ, ಕಾಫಿ ಕುಡೀರಿ" ಎಂದು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾಲಿಗೆ ಬಿದ್ದೆ. "ತಪ್ಪಾಯ್ತು ಸಾರ್."

ಅವರು ನನ್ನನ್ನು ಎಬ್ಬಿಸಿ, ಬಂದವರೊಬ್ಬರ ಕೈಯಿಂದ ಹಾರ ಇಸಿದುಕೊಂಡು ತಾವೇ ಕೊರಳಿಗೆ ಹಾಕಿಕೊಂಡರು.

"ಈಗ ಕಲರಲ್ಲಿ ಒಂದು ತೆಗಿ ಮಾರಾಯ. ಎರಡಕ್ಕೂ ಬೇರೆ ಬೇರೆ ಪ್ರಶಸ್ತಿ ಯಾಕೆ ಇಟ್ಟಿದ್ರು ಅಂತ ಈಗ್ಲಾದ್ರೂ ತಿಳೀತಾ?"