ಹತ್ತಿ ವಾಯದಾಕ್ಕೆ ಹೂವಿನ ಅಪ್ಪಣೆ

ಮುಂದೆ ಕೊಡುವ ಮಾಲಿಗೆ ಇಂದೇ ದರ ಕಟ್ಟುವ ವಾಯದಾ ಪೇಟೆಯ ಏಜೆಂಟನಿಗೂ ದೆವ್ವ-ದೇವರಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮ ಕಡೆ ಹತ್ತಿ ಇದ್ದಲ್ಲೆಲ್ಲ ಆ ಇಬ್ಬರೂ ನನಗೆ ಗಂಟು ಬೀಳುತ್ತಲೇ ಇರುತ್ತಾರೆ. ಈ ಸುಗ್ಗಿಯಲ್ಲಂತೂ ಒಬ್ಬ ಜಿನ್ನಿಂಗ್ ಮಿಲ್ಲಿನ ಸಾವುಕಾರರಿಂದಲೇ ಸಾಕುಸಾಕಾಯಿತು.

ಯಾದಗಿರಿಯಲ್ಲಿ ಚಹಾ

ಸಾವುಕಾರರು ಯಾದಗಿರಿಯ ನನ್ನ ಆಫೀಸಿಗೆ ಬಂದಾಗ ಅವರ ಗೋದಾಮಿನ ತುಂಬ ಹತ್ತಿ ಇತ್ತು, ಕಣ್ಣಲ್ಲಿ ನಿದ್ದೆ ಇರಲಿಲ್ಲ. ದರ ಬಿದ್ದರೆ ಮಿಲ್ಲೇ ಕೈತಪ್ಪಿ ಹೋಗುತ್ತಿತ್ತು. ನಾನು ಚಹಾ ತರಿಸಿ ಹೆಡ್ಜಿಂಗ್ ಅಂದರೆ ಎರಡೂ ಕಡೆ ಹಿಡಿಯುವುದು ಅಂತ ಬಿಡಿಸಿ ಹೇಳಿದೆ: ಈಗಿನ ದರಕ್ಕೆ ವಾಯದಾ ಮಾರಿಡಿ, ದರ ಇಳಿದರೆ ಹತ್ತಿಯಲ್ಲಿ ಹೋದದ್ದು ವಾಯದಾದಲ್ಲಿ ಬರುತ್ತದೆ.

“ಏರಿತಂದ್ರ?”

“ಹತ್ತಿಯಾಗ ಬಂದದ್ದು ವಾಯದಾದಾಗ ಹೋಗ್ತದ್ರಿ.”

“ಮತ್ತ ನನಗೇನು ಉಳೀತದ?”

“ನಿದ್ದಿ ಉಳೀತದ್ರಿ.”

“ನಿದ್ದಿ ಬ್ಯಾಡ್ರಿ. ಕಣ್ಣು ಹತ್ತಿದ್ರ ಸತ್ತ ಅಪ್ಪ ಬರ್ತಾನ, ವಾಯದಾ ಮಾರಬ್ಯಾಡ ಅಂತಾನ.”

ಗಿರಾಕಿಯ ಸತ್ತ ಅಪ್ಪನನ್ನು ಒಪ್ಪಿಸುವ ತರಬೇತಿ ನನಗೆ ಯಾರೂ ಕೊಟ್ಟಿರಲಿಲ್ಲ.

ಶಹಾಪುರದಲ್ಲಿ ತಗ್ಗು

ಮರುದಿನ ಬೆಳಿಗ್ಗೆ ಶಹಾಪುರದ ಅವರ ಮಿಲ್ಲಿಗೆ ಹೋದೆ. ಸಾವುಕಾರರೇ ಗೋದಾಮಿನ ಬೀಗ ತೆಗೆದರು. ಒಳಗೆ ಹತ್ತಿಯ ರಾಶಿ, ಅದರ ಮೇಲೆ ಒಬ್ಬ ಮನುಷ್ಯ ಕೂತೆದ್ದಷ್ಟು ತಗ್ಗು. ಕೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಕೈ ಹಿಂದಕ್ಕೆ ಎಳೆದುಕೊಂಡೆ.

“ವಾಚ್‌ಮನ್ ಕುಂತಿದ್ದನೇನ್ರಿ?”

“ಕೀಲಿ ನನ್ನ ಉಡದಾರಕ್ಕೇ ಇತ್ರಿ. ದಿನಾ ಸಮ ಮಾಡಿಸ್ತೀನಿ, ಮುಂಜಾನಿ ಮತ್ತ ತಗ್ಗು ಬಿದ್ದಿರ್ತದ. ಅಪ್ಪ ಇದ್ದಾಗ ಅಲ್ಲೇ ಕುಂದರ್ತಿದ್ದ. ರೇಟ್ ಏರ್ಲಿ, ರೇಟ್ ಏರ್ಲಿ ಅಂತ ಕುಂತು ಕುಂತು ಹಳೇ ಮನಿ ಕಳಕೊಂಡ.”

“ಈಗ್ಯಾಕ ಬರ್ತಾರ್ರಿ?”

“ಇನ್ನೂ ಏರಿಲ್ಲಲ್ರಿ!”

ಸುರಪುರದಲ್ಲಿ ಹೂವು

ಅಪ್ಪನ ಮಾತು ಮೀರಲು ಸಾವುಕಾರರಿಗೆ ದೇವರ ಅಪ್ಪಣೆಯೇ ಬೇಕಾಯಿತು. ಸುರಪುರದ ಗುಡ್ಡದ ಗುಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಪೂಜಾರಿ ಲಿಂಗದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿದರು. ಬಲಗಡೆಯದು ಬಿದ್ದರೆ ವಾಯದಾ ಮಾರಬೇಕು, ಎಡಗಡೆಯದು ಬಿದ್ದರೆ ಅಪ್ಪನ ಹಾಗೆ ಕಾಯಬೇಕು.

ಗಾಳಿ ಇರಲಿಲ್ಲ, ದೀಪದ ಕುಡಿ ಕೂಡ ಅಲುಗುತ್ತಿರಲಿಲ್ಲ. ಲಿಂಗದ ಹಿಂದಿನ ಕತ್ತಲಲ್ಲಿ ಯಾರೋ ಉಸಿರೆಳೆದಂತಾಯಿತು. ಎರಡೂ ಹೂವು ಒಟ್ಟಿಗೇ ಬಿದ್ದವು.

ಪೂಜಾರಿ ಹಿಂದೆ ಸರಿದರು. “ನನ್ನ ಜೀವಮಾನದಾಗ ಹಿಂಗ ಆಗಿಲ್ರಿ,” ಅಂದರು. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ಹೊರಗೆ ಕಣ್ಣಾಡಿಸಿದೆ.

ಸಾವುಕಾರರು ಮಾತ್ರ ಎರಡೂ ಹೂವನ್ನು ಕಣ್ಣಿಗೊತ್ತಿಕೊಂಡು, ಎಷ್ಟೋ ದಿನದ ಭಾರ ಇಳಿದವರಂತೆ ನನ್ನ ಕಡೆ ತಿರುಗಿದರು.

“ದೇವ್ರೇ ಎರಡೂ ಕಡಿ ಹಿಡ್ಕೊಂಡಾನ, ನಾ ಯಾವೂರ ದಾಸಯ್ಯ? ಹಚ್ರಿ ಫೋನು, ಮಾರ್ರಿ ವಾಯದಾ!”