ಉಗುಳು ಯಾವ ಡಿಪಾರ್ಟ್‌ಮೆಂಟಿಗೆ ಸೇರುತ್ತದೆ?

ಇಂಜಿನಿಯರಿಂಗ್ ಸಂಶೋಧನೆಯ ಮಾರ್ಗದರ್ಶಕರೂ, ಮೂರು ವಿಭಾಗದ ಮೂವರು ವಿದ್ಯಾರ್ಥಿಗಳನ್ನು ಒಂದೇ ಜೀಪಿನಲ್ಲಿ ಕೂರಿಸಿ ನಮ್ಮ ಕಡೆ ಅಟ್ಟಿದ ಧೀರರೂ, ತಮ್ಮ ಹೆಸರಿಗೆ ತಲೆಯಲ್ಲೊಂದು ಡಾಕ್ಟರ್, ಬಾಲದಲ್ಲಿ ಅರ್ಧ ಎಬಿಸಿಡಿ ಇಟ್ಟುಕೊಂಡವರೂ ಆದ ಮಾನ್ಯ ಜಯದೇವಪ್ಪನವರೇ,

ಜಗಳೂರು ದಾರಿಯ ಮೆಕ್ಕೆಜೋಳದ ಕಣದಿಂದ ಚಿಕ್ಕಹನುಮಂತಪ್ಪ ಮಾಡುವ ಅಡ್ಡಬಿದ್ದ ನಮಸ್ಕಾರಗಳು. ನಾವಿಲ್ಲಿ ಎಲ್ಲರೂ ಕ್ಷೇಮ. ನನ್ನ ಬಲಗಡೆಯ ದವಡೆ ಹಲ್ಲೂ ಕ್ಷೇಮ, ತಮ್ಮನ್ನು ಕೇಳಿದೆನೆಂದು ಬರೆಯಲು ಅದು ಹೇಳಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲಿ ಮೂರನೆಯದನ್ನು ಮಾತ್ರ ಎರಡು ಸಲ ಓದಿ ಗಟ್ಟಿ ಮಾಡಿಕೊಂಡಿದ್ದೇನೆ. ಆದ್ದರಿಂದ ಈ ಪತ್ರದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿಕೊಳ್ಳಿ, ತಿದ್ದಿಕೊಳ್ಳುವ ಪದ್ಧತಿ ತಮ್ಮ ಕಾಲೇಜಿನಲ್ಲಿ ಇದ್ದರೆ.

ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣ, ನನ್ನ ದನಿಯನ್ನು ತಾವು ಬಹಿರಂಗವಾಗಿ ನಾಲ್ಕು ತಾಲ್ಲೂಕು ಸುತ್ತಿಸುತ್ತಿರುವುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಣಗಳಲ್ಲಿ ತಮ್ಮ ಪೆಟ್ಟಿಗೆಯೊಳಗೆ ಕೂತು ನಾನು ದಿನವಿಡೀ ಸುಳ್ಳು ಹೇಳುತ್ತಿದ್ದೇನೆ. ಮೂವತ್ತು ವರ್ಷದಲ್ಲಿ ನಾನೇ ಖುದ್ದಾಗಿ ಇಷ್ಟು ಸುಳ್ಳು ಹೇಳಲು ಆಗಿರಲಿಲ್ಲ. ಈ ಅನುಕೂಲಕ್ಕಾಗಿ ಮೊದಲು ಧನ್ಯವಾದ ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ನನ್ನ ಕೆಲಸ ಕಾಳು ಕಡಿಯುವುದು. ಕಣದಲ್ಲಿ ಹರವಿದ ಜೋಳ ಚೀಲಕ್ಕೆ ತುಂಬುವಷ್ಟು ಒಣಗಿದೆಯೋ ಇಲ್ಲವೋ ಎಂದು ಕೇಳಿದವರಿಗೆ ನಾನು ಒಂದು ಕಾಳು ಎತ್ತಿ ಬಲದವಡೆಗೆ ಹಾಕಿ ಹೇಳುತ್ತೇನೆ. ಇದಕ್ಕೆ ಸಂಬಳ ಒಂದು ಲೋಟ ಚಹಾ. ಆದರೆ ತಮಗೆ ಗೊತ್ತಿಲ್ಲದ, ನಮ್ಮ ಕಣದ ಕೋಳಿಗೂ ಗೊತ್ತಿರುವ ಒಂದು ರಿವಾಜು ಇದೆ. ರಾಶಿಯ ಮುಂದೆ ನಿಂತು ಕೆಟ್ಟ ಮಾತು ಆಡಬಾರದು, ರಾಶಿಗೆ ಕಿವಿ ಇದೆ, ನೊಂದುಕೊಳ್ಳುತ್ತದೆ ಎಂದು ನಮ್ಮಪ್ಪ ರಂಗಣ್ಣ ನನಗೆ ಕಲಿಸಿದ್ದ. ಆದ್ದರಿಂದ ಕಾಳು ಹೇಗೇ ಇರಲಿ, ಬಾಯಲ್ಲಿ ನಾನು ಹೇಳುವುದು ಒಂದೇ: "ಚೆನ್ನಾಗೈತೆ." ಅದು ರಾಶಿಯ ಮರ್ಯಾದೆಗೆ. ಯಜಮಾನನಿಗೆ ಬೇಕಾದ ಸತ್ಯ ಆಮೇಲೆ ಬರುತ್ತದೆ. ಕಡಿದ ಕಾಳನ್ನು ನಾನು ನುಂಗಿದರೆ ಒಣಗಿದೆ, ಧಾರಾಳವಾಗಿ ತುಂಬಬಹುದು. ಬಲಕ್ಕೆ ಉಗಿದರೆ ಇನ್ನೊಂದು ಬಿಸಿಲು ಕಾಣಬೇಕು. ಎಡಕ್ಕೆ ಉಗಿದರೆ ಹಸಿ, ಚೀಲದ ಬಾಯಿ ಕಟ್ಟಿದರೆ ಒಳಗೆ ಬೂಷ್ಟು ಹಿಡಿಯುವುದು ಖಂಡಿತ. ಹೀಗಾಗಿ ಕಣದಲ್ಲಿ ಯಾರೂ ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ, ಎಲ್ಲರೂ ಉಗುಳು ನೋಡುತ್ತಾರೆ. ಮನೆಯಲ್ಲೂ ಅಷ್ಟೇ. ಸಾರು ಹೇಗಿದೆ ಎಂದು ಕೇಳಿದ ಮೇಲೆ ನನ್ನ ಹೆಂಡತಿ ಗಾದ್ರಮ್ಮ ನನ್ನ ಮುಖ ನೋಡುವುದಿಲ್ಲ, ತಟ್ಟೆಯ ಎಡಗಡೆ ನೋಡುತ್ತಾಳೆ.

ಇಂಥ ಕಣಕ್ಕೆ ಹೋದ ವರ್ಷ ದೀಪಾವಳಿ ಕಳೆದ ಮೇಲೆ ತಮ್ಮ ಮೂವರು ಬಂದರು. ಮೆಕ್ಯಾನಿಕಲ್‌ನ ಓಬಳೇಶ್, ಎಲೆಕ್ಟ್ರಾನಿಕ್ಸ್‌ನ ಮಮತಾ, ಕಂಪ್ಯೂಟರಿನ ಮಾಲತೇಶ್. ಮಕ್ಕಳು ಒಳ್ಳೆಯವರು, ಊಟ ಕೊಟ್ಟರೆ ಉಂಡರು, ಬೈದರೆ ನಕ್ಕರು. ನನ್ನ ಹಲ್ಲು ನೋಡಿಕೊಂಡು ಕಾಳು ಕಡಿಯುವ ಯಂತ್ರ ಮಾಡುತ್ತೇವೆ, ಮೂವರಿಗೂ ಅದರಿಂದಲೇ ಡಿಗ್ರಿ ಆಗುತ್ತದೆ ಎಂದರು. ಒಂದು ಹಲ್ಲಿಗೆ ಮೂರು ಡಿಗ್ರಿ ಎಂದರೆ ಬಾಯಲ್ಲಿ ಉಳಿದವಕ್ಕೆ ಎಷ್ಟಾದೀತು ಎಂದು ನಾನು ಅವತ್ತು ರಾತ್ರಿ ನಾಲಿಗೆಯಿಂದ ಎಣಿಸಿಕೊಂಡು ಮಲಗಿದೆ.

ಮಾರನೇ ದಿನದಿಂದ ಇಪ್ಪತ್ತೊಂದು ದಿನ ನನ್ನ ದವಡೆಗೆ ಪಟ್ಟಿ ಕಟ್ಟಿದರು. ಎಷ್ಟು ಬಲದಲ್ಲಿ ಕಡಿಯುತ್ತೇನೆ ಎಂದು ಓಬಳೇಶ್ ಅಳೆದ. ಕಡಿದಾಗ ಟಕ್ ಅನ್ನುತ್ತದೋ ಪಚಕ್ ಅನ್ನುತ್ತದೋ ಎಂದು ಮಮತಾ ಮೈಕು ಇಟ್ಟು ಕೇಳಿದಳು. ಕಡಿದ ಮೇಲೆ ನಾನು ಏನು ಹೇಳುತ್ತೇನೆ ಎಂದು ಮಾಲತೇಶ್ ಬರೆದುಕೊಂಡ. ಎಲ್ಲಾ ಸೇರಿ ಮೂರು ಸಾವಿರ ಕಾಳು ಕಡಿದೆ, ಕೊನೆಕೊನೆಗೆ ನನ್ನನ್ನು ಕಂಡರೆ ಕೋಳಿಗಳು ಹೊಟ್ಟೆಕಿಚ್ಚಿನಿಂದ ನೋಡತೊಡಗಿದವು.

ಮೊದಲ ದಿನವೇ ನನ್ನ ಮುಂದೆ ಮುಚ್ಚಳ ಇರುವ ಒಂದು ಬಿಳಿ ಡಬ್ಬಿ ಇಟ್ಟು, ಕಡಿದ ಕಾಳನ್ನೆಲ್ಲಾ ಅದರಲ್ಲೇ ಉಗಿಯಬೇಕು, ನುಂಗುವ ಹಾಗಿಲ್ಲ, ನುಂಗಿದರೆ ಸ್ಯಾಂಪಲ್ ಹಾಳು, ಇದು ತಮ್ಮದೇ ಆದೇಶ ಎಂದರು. ನಾನು ಅವತ್ತೇ ಸ್ಪಷ್ಟವಾಗಿ ಹೇಳಿದೆ: "ನೋಡಪ್ಪಾ ಮಾಲತೇಶ್, ನನ್ ಮಾತು ಬರ್ಕೋಬೇಡ, ಅದು ರಾಶಿಗೆ ಹೇಳಾಕೆ. ಉಗುಳು ಎತ್ತಾಗ್ ಬೀಳ್ತೈತೆ ಅದನ್ನ ಬರ್ಕೋ."

ಆ ಹುಡುಗ ಒಳ್ಳೆಯವನು, ಯೋಚಿಸಿದ. ಯೋಚಿಸಿ ಹೇಳಿದ: "ಅಂಕಲ್, ಕಂಪ್ಯೂಟರ್‌ಗೆ ಉತ್ತರ ಬೇಕು. ಉಗುಳೋದು ಒಂಥರಾ ಚಲನೆ, ಅದು ಮೆಕ್ಯಾನಿಕಲ್‌ನೋರಿಗೆ ಬರುತ್ತೆ."

ಓಬಳೇಶನನ್ನು ಕೇಳಿದೆ. "ನನ್ ಕೆಲ್ಸ ಹಲ್ಲಿನ್ ತನಕ ಮಾತ್ರ ಯಜಮಾನ್ರೇ. ತುಟಿ ದಾಟಿದ್ ಮೇಲೆ ಅದು ದ್ರವ, ಅದಕ್ ಬೇರೆ ಗೈಡ್ ಬೇಕು," ಎಂದ.

ಮಮತಾಳನ್ನು ಕೇಳಿದೆ. ಆ ತಾಯಿ ಡಬ್ಬಿಯ ಮುಚ್ಚಳ ಭದ್ರ ಮಾಡುತ್ತಾ, "ಉಗುಳು ಮೈಕಿಗೆ ತಾಗಿದ್ರೆ ಶಾರ್ಟ್ ಆಗ್ತೈತ್ರಿ, ದಯವಿಟ್ಟು ದೂರ ಉಗೀರಿ," ಎಂದಳು.

ಹೀಗೆ ಸ್ವಾಮಿ, ಸತ್ಯ ಇದ್ದ ಒಂದೇ ವಸ್ತು ಮೂರು ಡಿಪಾರ್ಟ್‌ಮೆಂಟಿನಲ್ಲೂ ಜಾಗ ಸಿಗದೆ ಡಬ್ಬಿಯಲ್ಲಿ ಬಿತ್ತು, ಸಂಜೆ ಅದನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದರು. ವ್ಯಾಪಾರಿಯ ಹತ್ತಿರ ತೇವ ಅಳೆಯುವ ಅಂಗೈಯಗಲದ ಮೀಟರು ಇದೆ, ಅದರ ಜೊತೆಗಾದರೂ ತಾಳೆ ನೋಡಿ ಎಂದೆ. ಅದು ಈಗಾಗಲೇ ಕಂಡುಹಿಡಿದಿರುವ ವಸ್ತುವಾದ್ದರಿಂದ ಸಂಶೋಧನೆಗೆ ಬರುವುದಿಲ್ಲವಂತೆ. ತಮಗೂ ಫೋನು ಮಾಡಿದೆ. ತಾವು, "ಚಿಕ್ಕಹನುಮಂತಪ್ಪನೋರೇ, ತಾವು ಕಡಿಯೋದು ನೋಡ್ಕೊಳ್ಳಿ, ತಿಳ್ಕೊಳ್ಳೋದು ನಾವು ನೋಡ್ಕೋತೀವಿ," ಎಂದು ಅಪ್ಪಣೆ ಕೊಡಿಸಿದಿರಿ. ಆ ಮಾತನ್ನು ನಾನು ಈಗಲೂ ದಿನಾ ಒಂದು ಸಲ ನೆನೆದು, ಎಡಕ್ಕೆ ತಿರುಗುತ್ತೇನೆ.

ಆರು ತಿಂಗಳಿಗೆ ಯಂತ್ರ ಬಂತು. ಕಬ್ಬಿಣದ ದವಡೆ, ಮೇಲೊಂದು ಬಟ್ಟಲು, ಮುಂದೊಂದು ಸ್ಪೀಕರ್. ಕಾಳು ಹಾಕಿದರೆ ಟಕ್ಕನೆ ಕಡಿದು, ನನ್ನದೇ ದನಿಯಲ್ಲಿ, ನನ್ನದೇ ಗಂಟಲ ಕೆಮ್ಮಿನ ಸಮೇತ ಹೇಳುತ್ತದೆ: "ಚೆನ್ನಾಗೈತೆ." ಒಣಗಿದ ಕಾಳಿಗೆ ಚೆನ್ನಾಗೈತೆ. ಹಸಿ ಕಾಳಿಗೆ ಚೆನ್ನಾಗೈತೆ. ಪರೀಕ್ಷೆ ಮಾಡೋಣವೆಂದು ನಾನು ಅಂಗಿಯ ಗುಂಡಿ ಕಿತ್ತು ಹಾಕಿದೆ, ಅದಕ್ಕೂ ಚೆನ್ನಾಗೈತೆ. ಇಷ್ಟು ಸಭ್ಯವಾದ ಯಂತ್ರ ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಇದನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಕರೆದೊಯ್ಯಬಹುದು. ತಮ್ಮ ಪ್ರಬಂಧದಲ್ಲಿ, ಯಂತ್ರದ ಉತ್ತರಕ್ಕೂ ಚಿಕ್ಕಹನುಮಂತಪ್ಪನ ಉತ್ತರಕ್ಕೂ ಮೂರು ಸಾವಿರದಲ್ಲಿ ಒಂದು ಕಡೆ ಮಾತ್ರ ವ್ಯತ್ಯಾಸ ಬಂದಿದೆ, ಇದು ಈ ಕ್ಷೇತ್ರದಲ್ಲೇ ಅಪರೂಪ ಎಂದು ಬರೆದಿದೆಯಂತೆ. ಆ ಒಂದು ಕಡೆ ನನ್ನ ಹಲ್ಲಿಗೆ ಕಲ್ಲು ಸಿಕ್ಕಿ "ಅಯ್ಯಪ್ಪಾ" ಅಂದಿದ್ದೆ. ಇಪ್ಪತ್ತೊಂದು ದಿನದಲ್ಲಿ ನನ್ನ ಬಾಯಿಂದ ಬಂದ ಒಂದೇ ನಿಜ ಅದು, ಅದನ್ನು ತಾವು ದೋಷದ ಪಟ್ಟಿಗೆ ಸೇರಿಸಿದಿರಿ.

ಇಲ್ಲಿಯವರೆಗೆ ನಾನು ನಗುತ್ತಲೇ ಇದ್ದೆ. ನ್ಯಾಮತಿಯಿಂದ ನನ್ನ ಷಡ್ಡಕ ಸಣ್ಣಪ್ಪ ಫೋನು ಮಾಡಿ, "ಏನೋ ಮಾರಾಯಾ, ನಿನ್ ದನಿ ಇಲ್ಲಿ ಪೆಟ್ಟಿಗೇಲಿ ಮಾತಾಡ್ತೈತೆ, ನೀನು ಬದುಕಿದ್ದೀಯಾ ಹೆಂಗೆ?" ಎಂದಾಗಲೂ ನಕ್ಕೆ. ಸಂತೇಬೆನ್ನೂರಿನ ಸಂತೆಯ ದಿನ ಅದನ್ನು ಮೇಜಿನ ಮೇಲಿಟ್ಟು ಶಾಲು ಹೊದಿಸಿದರೆಂದು ಕೇಳಿದಾಗ, ನನಗೆ ಯಾರೂ ಹೊದಿಸಿಲ್ಲವಲ್ಲ ಎಂದು ಸ್ವಲ್ಪ ಕಡಿಮೆ ನಕ್ಕೆ.

ಆಮೇಲೆ ಹೊನ್ನೂರಮ್ಮ ಬಂದಳು. ನಮ್ಮ ಕಣದ ಪಕ್ಕದ ಹಟ್ಟಿಯವಳು, ಎರಡು ಎಮ್ಮೆ ಸಾಕಿದ್ದಾಳೆ, ಅವುಗಳ ವರ್ಷದ ತಿಂಡಿಗೆಂದು ಜೋಳ ತುಂಬಿಡುತ್ತಾಳೆ. ಅವಳು ಕಾಳು ತಂದ ದಿನ ನಾನು ಮದುವೆಗೆ ಹೋಗಿದ್ದೆ. ಪೆಟ್ಟಿಗೆ ಇತ್ತು. ಪೆಟ್ಟಿಗೆಗೆ ಕಾಳು ಹಾಕಿದ್ದಾಳೆ, ನನ್ನ ದನಿ ಬಂದಿದೆ. ಉಗುಳು ಎತ್ತ ಬೀಳುತ್ತದೆಂದು ಆ ಹೆಂಗಸು ಯಂತ್ರದ ಎರಡೂ ಬದಿ ಬಗ್ಗಿ ನೋಡಿದಳಂತೆ. ಏನೂ ಬೀಳಲಿಲ್ಲ. ಬೀಳದಿದ್ದರೆ ನುಂಗಿದೆ ಎಂದರ್ಥ, ನುಂಗಿದರೆ ಒಣಗಿದೆ ಎಂದರ್ಥ. ಹನ್ನೆರಡು ಚೀಲ ತುಂಬಿ ಬಾಯಿ ಹೊಲಿದು ಅಟ್ಟಕ್ಕೆ ಹಾಕಿದಳು. ನಲವತ್ತು ದಿನಕ್ಕೆ ಬಿಚ್ಚಿದರೆ ಒಳಗೆ ಕೈ ಇಡಲಾಗದ ಕಾವು, ಕಾಳೆಲ್ಲ ಕಪ್ಪು.

ಅವಳು ಬೈಯಲಿಲ್ಲ. ಕಣದ ನಟ್ಟನಡುವೆ, ಎಲ್ಲರ ಎದುರಿಗೆ, ನನ್ನ ಅಂಗೈಗೆ ಒಂದು ಹಿಡಿ ಬೂಷ್ಟು ಕಾಳು ಹಾಕಿ, "ಕಡಿ ಹನುಮಂತಪ್ಪ," ಎಂದಳು.

ಕಡಿದೆ. ರಾಶಿಗಳು ಸುತ್ತಲೂ ಇದ್ದವು. ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ "ಚೆನ್ನಾಗೈತೆ" ಅಂದಿತು. ಎಡಕ್ಕೆ ಉಗಿದೆ.

ಅವಳು ಅದು ಬಿದ್ದ ಜಾಗವನ್ನೇ ನೋಡುತ್ತಾ ಹೇಳಿದಳು: "ಇದೊಂದನ್ನ ಅದಕ್ಕೆ ಯಾಕ್ ಕಲಿಸ್ಲಿಲ್ಲ? ನಿನ್ ದನಿ ಅಂತ ನಂಬಿದ್ನಲ್ಲೋ."

ಜಯದೇವಪ್ಪನವರೇ, ಅವತ್ತಿನಿಂದ ಕಣದಲ್ಲಿ ನಾನು ಕಾಳು ನುಂಗಿದರೆ, "ನಿಜವಾಗ್ಲೂ ನುಂಗಿದ್ಯಾ, ಎಲ್ಲಿ ಬಾಯ್ ತೆಗಿ," ಎನ್ನುತ್ತಾರೆ. ಐವತ್ತೆರಡು ವರ್ಷದ ಗಂಡಸು ನಾನು, ಶಾಲೆಯಲ್ಲಿ ಹುಳದ ಮಾತ್ರೆ ಕೊಟ್ಟ ಹುಡುಗನ ಹಾಗೆ ಆ ಎಂದು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತೇನೆ. ನನ್ನ ಹಲ್ಲನ್ನು ನಂಬಿ ಅದುವರೆಗೆ ಯಾರ ಒಂದು ಚೀಲವೂ ಕೆಟ್ಟಿರಲಿಲ್ಲ. ನನಗೆ ಇದ್ದ ಆಸ್ತಿ ಆ ಒಂದು ಹೆಸರು. ಅದನ್ನು ತಾವು ಮೂರು ಭಾಗ ಮಾಡಿ ಮೂರು ಡಿಪಾರ್ಟ್‌ಮೆಂಟಿಗೆ ಹಂಚಿದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ಬೇಡಿಕೆಗಳು. ಪೆಟ್ಟಿಗೆಯಿಂದ ನನ್ನ ದನಿ ತೆಗೆದು ತಮ್ಮ ದನಿ ಹಾಕಿಸಬೇಕು, ತಾವು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿದ್ದೇನೆ, ಏನೂ ತಿಳಿಯದೆ ಎಲ್ಲಾ ಚೆನ್ನಾಗಿದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗಂಟಲು ಸಿಗಲಾರದು. ತಮ್ಮ ಕಾಲೇಜಿನಲ್ಲಿ ತಕ್ಷಣ ಉಗುಳು ವಿಭಾಗ ಒಂದನ್ನು ತೆರೆದು, ಎಡ ಬಲ ಎಂದು ಎರಡು ಸೆಕ್ಷನ್ ಮಾಡಿ, ಹೊನ್ನೂರಮ್ಮನನ್ನು ಅದರ ಮುಖ್ಯಸ್ಥೆ ಮಾಡಬೇಕು. ಯಂತ್ರದ ಬದಿಯಲ್ಲಿ ನೋಡಬೇಕೆಂಬ ಬುದ್ಧಿ ಬಂದದ್ದು ಅವಳೊಬ್ಬಳಿಗೇ. ಮೂರು ಡಿಗ್ರಿ ಕೊಟ್ಟ ಮೇಲೆ ಉಳಿದ ಚೂರುಪಾರು ಡಾಕ್ಟರೇಟ್ ಇದ್ದರೆ ನನ್ನ ದವಡೆ ಹಲ್ಲಿಗೂ ಕೊಡಿ. ಅದು ಭಾಷಣ ಮಾಡುವುದಿಲ್ಲ. ಇದ್ಯಾವುದೂ ಆಗದಿದ್ದರೆ ಪ್ರಬಂಧದಲ್ಲಿ ಒಂದೇ ಒಂದು ಸಾಲು ಸೇರಿಸಿ: ಈ ಮನುಷ್ಯ ಮೊದಲ ದಿನವೇ ಹೇಳಿದ್ದ, ನಾವು ಕೇಳಲಿಲ್ಲ. ಆ ಹಾಳೆಯ ಪ್ರತಿಯನ್ನು ಕಣದ ಬೇವಿನ ಮರಕ್ಕೆ ಅಂಟಿಸಿದರೆ ನಾನು ಬಾಯಿ ತೆರೆದು ತೋರಿಸುವುದು ತಪ್ಪುತ್ತದೆ. ಹುಡುಗರ ಡಿಗ್ರಿಗೆ ನನ್ನ ಅಡ್ಡಿ ಇಲ್ಲ, ಡಬ್ಬಿ ಇಡಿ ಎಂದವರು ಅವರಲ್ಲ.

ಕೊನೆಯದಾಗಿ, ಬರುವ ಗುರುವಾರ ತಮ್ಮ ಕಾಲೇಜಿನಲ್ಲಿ ಪರೀಕ್ಷಕರ ಮುಂದೆ ಪ್ರಬಂಧದ ಮೌಖಿಕ ಪರೀಕ್ಷೆ ಇದೆ, ತಜ್ಞ ರೈತನಾಗಿ ವೇದಿಕೆಗೆ ಬಂದು ಯಂತ್ರದ ಬಗ್ಗೆ ಎರಡು ಒಳ್ಳೆಯ ಮಾತು ಆಡಬೇಕು ಎಂದು ತಾವು ಕಾಗದ ಕಳಿಸಿದ್ದೀರಿ. ಖಂಡಿತ ಬರುತ್ತೇನೆ. ಇನ್ನೂರೈವತ್ತು ಪುಟ ಎಂದರೆ ಅದೂ ಒಂದು ರಾಶಿಯೇ, ರಾಶಿಯ ಮುಂದೆ ನಾನು ಕೆಟ್ಟ ಮಾತು ಆಡುವವನಲ್ಲ. ಪ್ರಬಂಧ ಹೇಗಿದೆ ಎಂದು ಪರೀಕ್ಷಕರು ಕೇಳಿದರೆ ಮೈಕು ಹಿಡಿದು, ಇಡೀ ಸಭೆಗೆ ಕೇಳುವಂತೆ, ಚೆನ್ನಾಗೈತೆ ಎಂದೇ ಹೇಳುತ್ತೇನೆ. ಹೊನ್ನೂರಮ್ಮನೂ ಹಟ್ಟಿಯ ನಾಲ್ಕು ಮಂದಿಯೂ ಜೊತೆಗೆ ಬರುತ್ತಾರೆ. ಅವರಿಗೆ ಕುರ್ಚಿ ಬೇಡ, ನೆಲ ಕಾಣುವ ಜಾಗ ಸಾಕು. ಡಬ್ಬಿ ಮಾತ್ರ ಇಡಬೇಡಿ.

ಇಂತು ತಮ್ಮ ಯಂತ್ರದಷ್ಟೇ ಸಭ್ಯನಾದ, ತಮ್ಮ ವಿಶ್ವಾಸಿ,
ಚಿಕ್ಕಹನುಮಂತಪ್ಪ
ಕಾಳು ಕಡಿಯುವವರು, ಜಗಳೂರು ದಾರಿ

ತಾ.ಕ.: ವೇದಿಕೆಯಲ್ಲಿ ಯಾರ್ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆಯನ್ನೂ ಕಾಗದದ ಜೊತೆ ಇಟ್ಟಿದ್ದೀರಿ, ನೋಡಿಕೊಂಡೆ. ಮಾರ್ಗದರ್ಶಕರಾದ ತಮ್ಮ ಕುರ್ಚಿ ನನ್ನ ಎಡಗಡೆಗೇ ಇದೆ. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ.